ಗೊರಾಯಿಯ ಪಗೋಡ: ನೋಡುವುದಕ್ಕಿಂತ ಕೂರುವುದು ಮೇಲು

ಬೋರಿವಲಿ ಪಶ್ಚಿಮದ ಗೊರಾಯಿ ಜೆಟ್ಟಿಯಿಂದ ಖಾಡಿ ದಾಟಿದರೆ ಸಿಗುವ, ವಿಪಶ್ಯನಾ ಎಂಬ ಬೌದ್ಧ ಧ್ಯಾನಪದ್ಧತಿಯ ವಿಶ್ವ ವಿಪಶ್ಯನಾ ಪಗೋಡವು ಮುಂಬಯಿ ಕನ್ನಡಿಗರ ಪಾಲಿಗೆ ಊರಿನಿಂದ ಬಂದ ನೆಂಟರಿಗೆ ತೋರಿಸುವ ಜಾಗವಾಗಿಬಿಟ್ಟಿದೆ. ಮ್ಯಾನ್ಮಾರಿನ ಯಾಂಗೋನಿನ ಶ್ವೇಡಗಾನ್ ಪಗೋಡದ ಮಾದರಿಯಲ್ಲಿ ಕಟ್ಟಿ 2009ರಲ್ಲಿ ಉದ್ಘಾಟನೆಗೊಂಡ ಈ ಗುಮ್ಮಟದೊಳಗೆ ಒಂದೂ ಕಂಬವಿಲ್ಲ; ಕಲ್ಲಿಗೆ ಕಲ್ಲು ಕಚ್ಚಿ ನಿಂತ ಅದರಡಿ ಸುಮಾರು 8000 ಮಂದಿ ಒಟ್ಟಿಗೆ ಧ್ಯಾನಕ್ಕೆ ಕೂರಬಹುದು. ಪ್ರವಾಸಿಗರು ಮಾತ್ರ ಅದನ್ನು ಗಾಜಿನ ಈಚೆಯಿಂದ ನೋಡಬೇಕು. ನೆಂಟರ ಮುಖ ಸಪ್ಪಗಾಗುವುದು ಸಹಜವಾದರೂ ನಿಯಮ ಸರಿಯಾಗಿಯೇ ಇದೆ.

ಪ್ರವಾಸಿಗರಿಗೆಂದೇ ನಡೆಯುವ ಕಿರು ಆನಾಪಾನ (ಉಸಿರನ್ನು ಗಮನಿಸುವ ಧ್ಯಾನ) ತರಗತಿಯನ್ನು ತಪ್ಪಿಸಿಕೊಳ್ಳಬಾರದು. ಮಂತ್ರವಿಲ್ಲ, ಮೂರ್ತಿಯ ಕಲ್ಪನೆಯಿಲ್ಲ, ಉಸಿರನ್ನು ಬಿಗಿಹಿಡಿಯುವ ಕಸರತ್ತೂ ಇಲ್ಲ; ಗಾಳಿ ಎಡ ಹೊಳ್ಳೆಯಿಂದ ಬಂತೋ ಬಲ ಹೊಳ್ಳೆಯಿಂದ ಬಂತೋ ಎಂಬುದನ್ನು ಇದ್ದಂತೆ ಗಮನಿಸಿದರಾಯಿತು.

ಇಷ್ಟರಿಂದ ಬೌದ್ಧರಾದಂತಾಯಿತೇ? ಮ್ಯಾನ್ಮಾರಿನ ಮಾಂಡಲೆಯಲ್ಲಿ ಹುಟ್ಟಿ, ಅಲ್ಲಿನ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಿಂದ ಕಲಿತು, 1969ರಿಂದ ಭಾರತದಲ್ಲಿ ವಿಪಶ್ಯನಾ ಕಲಿಸಿದ ಸತ್ಯನಾರಾಯಣ ಗೋಯೆಂಕಾ ಅವರು ಇದು ಮತಾಂತರವಲ್ಲವೆಂದೇ ಹೇಳುತ್ತಿದ್ದರು. ಆದರೆ ಅವರ ಹತ್ತು ದಿನಗಳ ಶಿಬಿರ ಆರಂಭವಾಗುವುದು ಉಸಿರಿನಿಂದಲ್ಲ, ಪಂಚಶೀಲವೆಂಬ ಐದು ನಡತೆಯ ವ್ರತಗಳಿಂದ. ಕೊಲ್ಲದಿರುವುದು, ಕದಿಯದಿರುವುದು, ಸುಳ್ಳಾಡದಿರುವುದು ಮೊದಲು, ಏಕಾಗ್ರತೆ ಆಮೇಲೆ. ಇನ್ನೊಂದೆಡೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಅವರು ಬೌದ್ಧ ದೀಕ್ಷೆ ಪಡೆದು ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲರೂ ಸಮಾನರೆಂಬ ಮಾತೂ ಸೇರಿದೆ. ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂತೆದ್ದ ಮೇಲೂ ಮನೆಗೆಲಸದವಳಿಗೆ ಬೇರೆ ಲೋಟ ಇಡುವವರನ್ನು ಈ ಎರಡೂ ದಾರಿಗಳು ಬೌದ್ಧರೆಂದು ಒಪ್ಪಲಾರವು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮವರಿಗೆ ಇನ್ನಷ್ಟು ಇಕ್ಕಟ್ಟಿನ ಪ್ರಶ್ನೆಯೊಂದಿದೆ. ಉಪಾಸಕನಾದವನು, ಅಂದರೆ ಬುದ್ಧನ ಗೃಹಸ್ಥ ಅನುಯಾಯಿ, ಮಾಡಬಾರದ ವ್ಯಾಪಾರಗಳೆಂದು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯವು ಶಸ್ತ್ರ, ಜೀವಿಗಳು, ಮಾಂಸ, ಮದ್ಯ ಮತ್ತು ವಿಷ ಎಂಬ ಐದನ್ನು ಹೆಸರಿಸುತ್ತದೆ. ಬಾರ್ ಆ್ಯಂಡ್ ರೆಸ್ಟೋರೆಂಟಿನ ಗಲ್ಲಾದಲ್ಲಿ ಕೂತು ಮಕ್ಕಳನ್ನು ಓದಿಸಿದ ಕರಾವಳಿಯ ಹೋಟೆಲಿಗರು ಈ ಮಹಾನಗರದಲ್ಲಿ ಎಷ್ಟಿಲ್ಲ! ಉಸಿರನ್ನು ಗಮನಿಸಲು ಅವರಿಗೆ ಯಾರ ಅಡ್ಡಿಯೂ ಇಲ್ಲ. ಬೌದ್ಧರಾಗಲು ಹೊರಟರೆ ಮಾತ್ರ ಮದ್ಯದ ಲೈಸೆನ್ಸಿನ ವಿಚಾರ ಎದುರಿಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಕಿರು ತರಗತಿಯನ್ನು ಮೊದಲ ರುಚಿಯೆಂದಷ್ಟೇ ತಿಳಿದು ಹೋಗುವುದು ಒಳ್ಳೆಯದು. ಹತ್ತು ದಿನಗಳ ಶಿಬಿರಕ್ಕೆ ಊಟ, ವಸತಿ ಸೇರಿ ಶುಲ್ಕವೇ ಇಲ್ಲ, ದಾನವನ್ನೂ ಶಿಬಿರ ಮುಗಿಸಿದವರಿಂದಲೇ ಸ್ವೀಕರಿಸುತ್ತಾರೆ. ಮೌನ ಮತ್ತು ಮೊಬೈಲಿಲ್ಲದ ದಿನಗಳಿಗೆ ಸಿದ್ಧರಿದ್ದವರು ಹೆಸರು ನೋಂದಾಯಿಸಬಹುದು. ಮಳೆಗಾಲದಲ್ಲಿ ಹೋಗುವವರು ದೋಣಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಭಾಯಂದರ್ ಕಡೆಯಿಂದ ರಸ್ತೆಯೂ ಇದೆ.