ಡಾಫ್ನಿಯಾ ಟೆಸ್ಟ್ ಮಾಡಿಸುವವರೇ, ಮೊದಲು ಕಂಟ್ರೋಲ್ ಹಾಳೆ ಕೇಳಿ

ಉಡುಪಿ, ಮಂಗಳೂರು ಕಡೆ ಸಣ್ಣ ಕೆಮಿಕಲ್ ಯೂನಿಟ್ ನಡೆಸುವವರು, ಕ್ಲೀನಿಂಗ್ ಲಿಕ್ವಿಡ್ ಮಾಡುವವರು, ಅಲ್ಲೆಲ್ಲ ಕ್ವಾಲಿಟಿ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಮಾಲು ನೀರಿನ ಜೀವಿಗಳಿಗೆ ಎಷ್ಟು ವಿಷ ಅಂತ ಟೆಸ್ಟ್ ಮಾಡಿಸಿ, ಒಂದೇ ಪುಟದ ರಿಪೋರ್ಟ್ ಕೈಗೆ ಬಂದಿದ್ದರೆ ಅದನ್ನು ಹಿಡಿದುಕೊಂಡು ಲೇಬಲ್ ಪ್ರಿಂಟಿಗೆ ಕೊಡಬೇಡಿ. ನಮ್ಮ ಮಾಲಿಗೆ ಅಂಥ ರಿಪೋರ್ಟ್ ಕೊಟ್ಟ ಲ್ಯಾಬಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿ ನಡೆದದ್ದು ಇನ್ನೊಂದು ಕಡೆಯೂ ನಡೆಯುತ್ತಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ಯೂನಿಟಿನಲ್ಲಿ ಮೀನಿನ ಕ್ರೇಟ್, ಕಟ್ಟಿಂಗ್ ಟೇಬಲ್, ನೆಲ ತೊಳೆಯುವ ಒಂದು ಲಿಕ್ವಿಡ್ ಮಾಡುತ್ತೇವೆ. ಮಲ್ಪೆ ಸುತ್ತಮುತ್ತ ಮೀನು ಪ್ಯಾಕ್ ಮಾಡುವವರು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಕ್ರಿಮಿ ಕೊಲ್ಲುವ ಅಂಶ ಬೆಂಜಾಲ್ಕೋನಿಯಂ ಕ್ಲೋರೈಡ್. ಸಿಗಡಿ ಸಾಕುವವರಿಗೆ ಬಿಕೆಸಿ ಅಂದರೆ ಬೇಗ ಗೊತ್ತಾಗುತ್ತದೆ. ಒಬ್ಬರು ದೊಡ್ಡ ಗಿರಾಕಿ ಇದರ ಎಸ್‌ಡಿಎಸ್, ಅಂದರೆ ಕೆಮಿಕಲ್‌ನ ಸುರಕ್ಷತಾ ಮಾಹಿತಿ ಪತ್ರ ಕೇಳಿದರು. ಎಸ್‌ಡಿಎಸ್‌ನ 12ನೇ ಭಾಗ ಪರಿಸರದ್ದು. ನೀರಿನ ಜೀವಿಗಳಿಗೆ ಎಷ್ಟು ತೊಂದರೆ ಅಂತ ಅಲ್ಲಿ ಬರೆಯಬೇಕು. ಅವರು ಕೇಳಿದ್ದು ನ್ಯಾಯವೇ. ಕ್ರೇಟ್ ತೊಳೆದ ನೀರು ಎಷ್ಟೋ ಕಡೆ ಹಿಂದಿನ ತೋಡಿಗೆ ಹೋಗುತ್ತದೆ, ತೋಡಿನಿಂದ ಗದ್ದೆಗೆ, ಹೊಳೆಗೆ. ಅಲ್ಲಿ ಪಾಚಿ ತಿಂದು ಬದುಕುವ ಸಣ್ಣ ಸಣ್ಣ ಜೀವಿಗಳಿವೆ. ಅವನ್ನು ತಿಂದೇ ಮೀನಿನ ಮರಿ ದೊಡ್ಡದಾಗುವುದು.

ಗೊತ್ತಿಲ್ಲದವರಿಗೆ ಟೆಸ್ಟ್ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಡಾಫ್ನಿಯಾ ಅಂದರೆ ಸಿಹಿನೀರಿನಲ್ಲಿರುವ ಪುಟ್ಟ ಜೀವಿ, ನೀರುಚಿಗಟ ಅಂತಲೂ ಹೇಳುತ್ತಾರೆ. ಹುಟ್ಟಿ 24 ಗಂಟೆ ದಾಟದ ಮರಿಗಳನ್ನು ಕೆಮಿಕಲ್ ಬೆರೆಸಿದ ನೀರಿನಲ್ಲಿ 48 ಗಂಟೆ ಇಡುತ್ತಾರೆ. ಕಮ್ಮಿಯಿಂದ ಜಾಸ್ತಿಗೆ ಕನಿಷ್ಠ ಐದು ಪ್ರಮಾಣಗಳು, ಒಂದೊಂದಕ್ಕೂ ಕನಿಷ್ಠ 20 ಮರಿಗಳು. ಪಕ್ಕದಲ್ಲಿ ಕೆಮಿಕಲ್ ಇಲ್ಲದ ನೀರಿನಲ್ಲೂ ಅಷ್ಟೇ ಮರಿಗಳು, ಅದೇ ಕಂಟ್ರೋಲ್. ಅರ್ಧದಷ್ಟು ಮರಿಗಳ ಈಜು ನಿಲ್ಲಿಸುವ ಪ್ರಮಾಣವೇ ಇಸಿ50. ನಂಬರ್ ಸಣ್ಣದಾದಷ್ಟೂ ವಿಷ ಜಾಸ್ತಿ. ಇದಕ್ಕೆ ಒಇಸಿಡಿ ಅನ್ನುವ ಹಲವು ದೇಶಗಳ ಸಂಸ್ಥೆಯ 202ನೇ ಮಾರ್ಗಸೂಚಿ ಇದೆ. 1984ರದ್ದು, 2004ರಲ್ಲಿ ಪರಿಷ್ಕರಿಸಿದ್ದು. ಓದಲು ಏನೂ ಕಷ್ಟವಿಲ್ಲ, ನೆಟ್ಟಿನಲ್ಲಿ ಸಿಗುತ್ತದೆ.

ನಮಗೆ ಬಂದ ರಿಪೋರ್ಟಿನಲ್ಲಿ ಇದ್ದದ್ದು ಇಷ್ಟೇ: 24 ಗಂಟೆಯ ಇಸಿ50, ಲೀಟರಿಗೆ 18 ಮಿಲಿಗ್ರಾಂ. ಕೆಳಗೆ ಒಇಸಿಡಿ 202 ಪ್ರಕಾರ ಅಂತ ಒಂದು ಸಾಲು, ಸಹಿ, ಸೀಲು. ಈ ನಂಬರಿನ ಮೇಲೆ ಎಲ್ಲವೂ ನಿಂತಿರುತ್ತದೆ. ಕೆಮಿಕಲ್‌ಗಳನ್ನು ಅಪಾಯದ ಪ್ರಕಾರ ವಿಂಗಡಿಸಿ ಲೇಬಲ್ ಹಾಕುವ ಅಂತರರಾಷ್ಟ್ರೀಯ ಜಿಎಚ್‌ಎಸ್ ಪದ್ಧತಿಯಲ್ಲಿ ಇಸಿ50 ಲೀಟರಿಗೆ 10ರಿಂದ 100 ಮಿಲಿಗ್ರಾಂ ಒಳಗಿದ್ದರೆ ಮೂರನೇ ವರ್ಗ. ಲೇಬಲ್ ಮೇಲೆ ಚಿತ್ರ ಬೇಡ. 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಬಂದರೆ ಮೊದಲನೇ ವರ್ಗ. ಆಗ ಒಣಗಿದ ಮರ, ಸತ್ತ ಮೀನಿನ ಚಿತ್ರ, ಎಚ್ಚರಿಕೆಯ ಮಾತು ಎಲ್ಲ ಹಾಕಲೇಬೇಕು. ರಿಪೋರ್ಟ್ ನೋಡಿ ನಮ್ಮ ಧಣಿಗಳು ಚಿತ್ರವಿಲ್ಲದ ಲೇಬಲ್ ಪ್ರಿಂಟ್ ಮಾಡಿಸಿದರು. ಕ್ಯಾನುಗಳು ಹೊರಟವು.

ಆ ಗಿರಾಕಿಯ ಕಡೆಯ ಆಡಿಟರ್ ಮೇಡಂ ಫೋನ್ ಮಾಡಿ ಎರಡೇ ಮಾತು ಕೇಳಿದರು. ಬಿಕೆಸಿ ಇರುವ ಮಾಲಿಗೆ 18 ಹೇಗೆ ಬಂತು? ಕಂಟ್ರೋಲಿನಲ್ಲಿ ಎಷ್ಟು ಉಳಿದವು? ಕಂಟ್ರೋಲ್ ವಿಷಯ ರಿಪೋರ್ಟಿನಲ್ಲೇ ಇರಲಿಲ್ಲ. ಲ್ಯಾಬಿಗೆ ಕೇಳಿದರೆ ಇವತ್ತು ಕೊಡುತ್ತೇವೆ, ನಾಳೆ ಕೊಡುತ್ತೇವೆ ಅಂತ ದೂಡಿದರು. ಕಡೆಗೆ ನಾನೇ ಹೋಗಿ ಕೂತೆ.

ಅಲ್ಲಿ ಕಂಡದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಕಿಟಕಿ ಪಕ್ಕ ಕಡಪ ಕಲ್ಲಿನ ಕಟ್ಟೆ. ಅದರ ಮೇಲೆ ಬೇರೆ ಯಾರದೋ ಟೆಸ್ಟ್ ನಡೆಯುತ್ತಿತ್ತು. ಗಾಜಿನ ಬೀಕರ್ ಇಲ್ಲ, ಊಟ ಪಾರ್ಸೆಲ್ ಕೊಡುವ ಪ್ಲಾಸ್ಟಿಕ್ ಡಬ್ಬಿಗಳು. ಪ್ರತಿ ಡಬ್ಬಿಗೂ ಅಕ್ವೇರಿಯಂ ಪಂಪಿನ ತೆಳು ಪೈಪ್ ಇಳಿಬಿಟ್ಟು ಗುಳ್ಳೆ ಬಿಡುತ್ತಿದ್ದರು. ಟೆಸ್ಟ್ ನಡೆಯುವಾಗ ಗಾಳಿ ಬಿಡಲೇಬಾರದು ಅಂತ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ. ಒಂದು ಡಬ್ಬಿಯ ತಳದಲ್ಲಿ ಬಿಳಿ ಗಸಿ ಕೂತಿತ್ತು. ಏನಿದು ಅಂದೆ. ಯೀಸ್ಟ್ ಅಂತೆ. "ಎರಡು ದಿನ ಉಪವಾಸ ಹಾಕ್ಲಿಕ್ಕೆ ಆಗ್ತದಾ ಸಾರ್, ಪಾಪ ಸಾಯ್ತವೆ" ಅಂದ ಅಲ್ಲಿಯ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ 48 ಗಂಟೆ ಮರಿಗಳಿಗೆ ಆಹಾರ ಹಾಕುವ ಹಾಗೇ ಇಲ್ಲ.

ಪ್ಲಾಸ್ಟಿಕ್, ಯೀಸ್ಟ್ ಎರಡೂ ಯಾಕೆ ಇಷ್ಟು ಕೆಟ್ಟದ್ದು ಅಂತ ಹೇಳಲೇಬೇಕು, ನಮ್ಮ ರಿಪೋರ್ಟ್ ಹಾಳಾದದ್ದು ಮುಖ್ಯವಾಗಿ ಅಲ್ಲಿ. ಬಿಕೆಸಿ ಕಣಗಳಿಗೆ ಧನ ವಿದ್ಯುದಂಶ ಇರುತ್ತದೆ. ಡಬ್ಬಿಯ ಗೋಡೆ, ಯೀಸ್ಟ್, ಪಾಚಿ, ಕೊಳೆ ಎಲ್ಲಿ ಸಿಕ್ಕಿದರೂ ಹೋಗಿ ಅಂಟಿಕೊಳ್ಳುತ್ತದೆ. ಕ್ರೇಟಿನ ಮೇಲೆ ಅದು ಕೆಲಸ ಮಾಡುವುದೂ ಹಾಗೆ ಅಂಟಿಕೊಂಡೇ. ಲೀಟರಿಗೆ ಇಷ್ಟು ಅಂತ ಅಳೆದು ಹಾಕಿದರೂ ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಉಳಿಯುವುದು ಅದಕ್ಕಿಂತ ಎಷ್ಟೋ ಕಮ್ಮಿ. ಮರಿಗಳು ಈಜುತ್ತಿರುತ್ತವೆ, ಲ್ಯಾಬಿನವರು ಮಾಲಿಗೆ ವಿಷ ಕಮ್ಮಿ ಅಂತ ಬರೆಯುತ್ತಾರೆ. ಅದಕ್ಕೇ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಕನಿಷ್ಠ ಅತಿ ಕಮ್ಮಿ ಮತ್ತು ಅತಿ ಜಾಸ್ತಿ ಪ್ರಮಾಣದ ನೀರನ್ನಾದರೂ ಅಳೆದು ನೋಡಬೇಕು. ಹಾಕಿದ್ದಕ್ಕೂ ಅಳೆದದ್ದಕ್ಕೂ ಶೇ 20ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಳೆದ ಲೆಕ್ಕದಲ್ಲೇ ಇಸಿ50 ಹೇಳಬೇಕು. ಅಲ್ಲಿ ಅಳೆಯುವ ವ್ಯವಸ್ಥೆಯೇ ಇರಲಿಲ್ಲ.

ಕೊನೆಗೂ ನಮ್ಮ ಟೆಸ್ಟಿನ ಹಾಳೆ ಹುಡುಕಿ ತಂದರು. ರೂಲ್ಡ್ ನೋಟ್‌ಬುಕ್ಕಿನಿಂದ ಹರಿದ ಪುಟ, ಪೆನ್ಸಿಲಿನಲ್ಲಿ ಬರೆದದ್ದು. ಟೆಂಪರೇಚರ್ ಅನ್ನುವ ಕಡೆ 'ಆರ್‌ಟಿ' ಅಂತ ಎರಡಕ್ಷರ. ರೂಂ ಟೆಂಪರೇಚರ್ ಅಂತೆ. ಏಪ್ರಿಲ್ ತಿಂಗಳು, ಉಡುಪಿ, ಫ್ಯಾನ್ ಮಾತ್ರ ಇರುವ ಕೋಣೆ. ಈ ಟೆಸ್ಟಿಗೆ 18ರಿಂದ 22 ಡಿಗ್ರಿ ಒಳಗೆ ಇರಬೇಕು, ಅದೂ ಒಂದು ಡಿಗ್ರಿಗಿಂತ ಜಾಸ್ತಿ ಆಚೀಚೆ ಆಗದ ಹಾಗೆ. ನಮ್ಮ ಕರಾವಳಿಯಲ್ಲಿ ಇನ್‌ಕ್ಯುಬೇಟರ್ ಇಲ್ಲದೆ, ಕರೆಂಟ್ ಹೋದಾಗ ಅದನ್ನು ನಡೆಸುವ ಜನರೇಟರ್ ಇಲ್ಲದೆ ಇದು ಆಗುವ ಮಾತೇ ಅಲ್ಲ. ನೀರು ಹಿತ್ತಲಿನ ಬಾವಿಯದು. ಮುರಕಲ್ಲಿನ ನೆಲದ ಬಾವಿ ನೀರು ಕುಡಿಯಲು ಚಂದ, ಆದರೆ ಸಾಮಾನ್ಯವಾಗಿ ತುಂಬಾ ಮೆದು, ಸ್ವಲ್ಪ ಹುಳಿ ಗುಣದ್ದು. ಡಾಫ್ನಿಯಾ ಮ್ಯಾಗ್ನಾಕ್ಕೆ ಲೀಟರಿಗೆ 140ರಿಂದ 250 ಮಿಲಿಗ್ರಾಂ ಗಡಸುತನದ ನೀರು ಒಳ್ಳೆಯದು ಅಂತ ಇದೆ. ನಗರಸಭೆಯ ನಳ್ಳಿ ನೀರು ಹಾಕಿದರೂ ಕಷ್ಟವೇ, ಅದರ ಕ್ಲೋರಿನ್‌ಗೇ ಇವು ಸಾಯುತ್ತವೆ.

ಕಂಟ್ರೋಲ್ ಸಾಲಿನಲ್ಲಿ 20ರಲ್ಲಿ 5 ಅಂತ ಬರೆದು ಸುತ್ತ ಗೆರೆ ಎಳೆದಿದ್ದರು. ಕೆಮಿಕಲ್ಲೇ ಇಲ್ಲದ ನೀರಿನಲ್ಲಿ ಕಾಲು ಭಾಗ ಹೋಗಿದೆ! ಮಾರ್ಗಸೂಚಿ ಪ್ರಕಾರ ಶೇ 10 ದಾಟಿದರೆ ಟೆಸ್ಟ್ ರದ್ದು, ಪುನಃ ಮೊದಲಿನಿಂದ ಮಾಡಬೇಕು. ಅಂದರೆ 20ರಲ್ಲಿ 2ಕ್ಕಿಂತ ಜಾಸ್ತಿ ನಿಲ್ಲಬಾರದು. ಇದನ್ನು ತೋರಿಸಿದಾಗ ಲ್ಯಾಬಿನ ಮುಖ್ಯಸ್ಥರು, "ಎಂತ ಮಾರಾಯ್ರೇ, ಕಂಟ್ರೋಲಿನಲ್ಲಿ ನಾಲ್ಕೈದು ಹೋಗುವುದು ಇದ್ದದ್ದೇ, ನಾವದನ್ನು ಕಳೆದು ಲೆಕ್ಕ ಹಾಕಿದ್ದೇವೆ" ಅಂದರು. ಕಳೆದು ಲೆಕ್ಕ ಹಾಕುವ ವಿಷಯ ಅಲ್ಲ ಇದು. ಕಂಟ್ರೋಲ್ ಕೆಟ್ಟರೆ ಉಳಿದ ಡಬ್ಬಿಗಳಲ್ಲಿ ಆದದ್ದು ಕೆಮಿಕಲ್‌ನಿಂದಲೋ, ಸೆಕೆಯಿಂದಲೋ, ನೀರಿನಿಂದಲೋ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ನನಗೆ ಅಲ್ಲಿ ನಿಂತು ನೋಡಿದ ಮೇಲೇ ಹೊಳೆದದ್ದು. ಹುಡುಗ ಸತ್ತವನ್ನು ಮಾತ್ರ ಎಣಿಸುತ್ತಿದ್ದ. ಒಂದು ಡಬ್ಬಿಯಲ್ಲಿ ಏಳೆಂಟು ತಳಕ್ಕೆ ಇಳಿದು ಮೀಸೆ ಮಾತ್ರ ಆಡಿಸುತ್ತಿದ್ದವು. "ಇವು ಬದುಕಿವೆ ಸಾರ್" ಅಂತ ಅವನು ಜೀವ ಇದ್ದವುಗಳ ಲೆಕ್ಕಕ್ಕೆ ಸೇರಿಸಿದ. ಈ ಟೆಸ್ಟಿನಲ್ಲಿ ನೋಡುವುದು ಸಾವಲ್ಲ. ಪಾತ್ರೆಯನ್ನು ಮೆಲ್ಲ ಅಲುಗಿಸಬೇಕು, 15 ಸೆಕೆಂಡಿನೊಳಗೆ ಈಜದಿದ್ದರೆ ಅದು ನಿಂತ ಲೆಕ್ಕ, ಮೀಸೆ ಆಡಿಸುತ್ತಿದ್ದರೂ ಸರಿ. ಈಜಲಾಗದ ಜೀವಿ ಹೊಳೆಯಲ್ಲಿ ಮೀನಿನ ಬಾಯಿಂದ ತಪ್ಪಿಸಿಕೊಳ್ಳುವುದುಂಟಾ? ಹಾಗೆ ಎಣಿಸದೆ, 48ರ ಬದಲು 24 ಗಂಟೆಗೇ ಮುಗಿಸಿದರೆ ನಂಬರ್ ಮೇಲೆ ಹೋಗದೆ ಇನ್ನೇನಾಗುತ್ತದೆ? ಮರಿಗಳೂ ಒಂದೇ ವಯಸ್ಸಿನವು ಇರಲಿಲ್ಲ. ಬೆನ್ನಲ್ಲಿ ಮೊಟ್ಟೆ ಹೊತ್ತ ದೊಡ್ಡವೂ ಜೊತೆಗಿದ್ದವು. ತಳಿ ಯಾವುದು ಅಂದರೆ ಅಕ್ವೇರಿಯಂ ಅಂಗಡಿಯಿಂದ ತಂದದ್ದು ಅಂದರು. ಅಂಥ ಕಡೆ ಮೀನಿಗೆ ಹಾಕಲು ಸಾಕುವುದು ಎಷ್ಟೋ ಸಲ ಮೊಯಿನಾ, ಡಾಫ್ನಿಯಾ ಅಲ್ಲ.

ಆಮೇಲೆ ಜಿಎಲ್‌ಪಿ (ಲ್ಯಾಬ್ ಕೆಲಸದ ಒಳ್ಳೆಯ ಪದ್ಧತಿ) ಸರ್ಟಿಫಿಕೇಟ್ ಇರುವ, ಜಿಲ್ಲೆಯ ಹೊರಗಿನ ಒಂದು ಲ್ಯಾಬಿಗೆ ಅದೇ ಬ್ಯಾಚಿನ ಸ್ಯಾಂಪಲ್ ಕಳಿಸಿದೆವು. ಹಣ ಹಲವು ಪಟ್ಟು ಜಾಸ್ತಿಯಾಯಿತು, ಕಾಯುವುದೂ ಜಾಸ್ತಿಯಾಯಿತು. ಬಂದ ಉತ್ತರ: 48 ಗಂಟೆ, ಅಳೆದ ಲೆಕ್ಕದಲ್ಲಿ, ಲೀಟರಿಗೆ 0.3 ಮಿಲಿಗ್ರಾಂ. ಕಂಟ್ರೋಲಿನಲ್ಲಿ 20ಕ್ಕೆ 20 ಈಜುತ್ತಿದ್ದವು. ಮೂರನೇ ವರ್ಗ ಅಂದುಕೊಂಡ ಮಾಲು ಸೀದಾ ಮೊದಲನೇ ವರ್ಗಕ್ಕೆ ಬಂತು. ಪ್ರಿಂಟ್ ಆದ ಲೇಬಲ್ಲೆಲ್ಲ ರದ್ದಿ, ಹೋದ ಕ್ಯಾನುಗಳನ್ನು ವಾಪಸ್ ತರಿಸಿದೆವು, ಆ ಗಿರಾಕಿಯ ಆರ್ಡರ್ ಕೈ ತಪ್ಪಿತು. ಮೊದಲ ಲ್ಯಾಬ್ ಒಂದು ರೂಪಾಯಿ ಹಿಂದೆ ಕೊಡಲಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ತಪ್ಪು ಲೇಬಲ್ ನಂಬಿ, ಅಷ್ಟೇನೂ ಅಪಾಯವಿಲ್ಲ ಅಂತ ಎಷ್ಟು ಜನ ಆ ನೀರನ್ನು ತೋಡಿಗೆ ಬಿಟ್ಟಿದ್ದಾರೋ. ಅವರದ್ದೇನೂ ತಪ್ಪಿಲ್ಲ.

ಹಾಗಾಗಿ ಹಣ ಕೊಡುವ ಮೊದಲೇ ಲ್ಯಾಬಿನವರಿಗೆ ಹೇಳಿ, ಕಂಟ್ರೋಲ್ ಎಷ್ಟು ಉಳಿಯಿತು, ಉಷ್ಣತೆ, ಪಿಎಚ್, ಆಮ್ಲಜನಕ ಎಷ್ಟಿತ್ತು ಅನ್ನುವ ಹಾಳೆಯ ಪ್ರತಿ ರಿಪೋರ್ಟಿನ ಜೊತೆಗೇ ಬೇಕು ಅಂತ. ಕೊನೆಯಲ್ಲಿ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗೆ ಇಳಿದಿದ್ದರೂ ಟೆಸ್ಟ್ ಲೆಕ್ಕಕ್ಕಿಲ್ಲ. ಮರಿಗಳು ಸರಿಯಾಗಿವೆಯಾ ಅಂತ ತಿಳಿಯಲು ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ ಅವನ್ನು ಇತ್ತೀಚೆಗೆ ಯಾವಾಗ ಪರೀಕ್ಷೆ ಮಾಡಿದ್ದೀರಿ ಅಂತಲೂ ಕೇಳಿ. ಅದರ 24 ಗಂಟೆಯ ಇಸಿ50 ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ಒಳಗೆ ಬರಬೇಕು. ಕೆಲಸ ಗೊತ್ತಿರುವ ಲ್ಯಾಬಿನವರು ಇದನ್ನು ಕೇಳಿದರೆ ಖುಷಿಯಿಂದ ಚಾರ್ಟ್ ತೆಗೆದು ತೋರಿಸುತ್ತಾರೆ. ಎರಡನೇ ಲ್ಯಾಬಿನವರು ಫೋನಿನಲ್ಲೇ ಕಳಿಸಿದರು. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಫಲಕ ಗೋಡೆ ಮೇಲೆ ನೋಡಿ ಸುಮ್ನೆ ಬರಬೇಡಿ. ಮಾನ್ಯತೆ ಯಾವ ಯಾವ ಟೆಸ್ಟಿಗೆ ಅಂತ ಒಂದು ಪಟ್ಟಿ ಇರುತ್ತದೆ. ಕುಡಿಯುವ ನೀರಿನ ಟೆಸ್ಟಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಡಾಫ್ನಿಯಾಕ್ಕೆ ಇರಬೇಕೆಂದಿಲ್ಲ. ನಾವು ಹೋದ ಮೊದಲ ಲ್ಯಾಬಿಗೂ ಇರಲಿಲ್ಲ.

ಬಿಕೆಸಿ ಅಥವಾ ಅದೇ ಜಾತಿಯ ಕ್ರಿಮಿನಾಶಕ ಇರುವ ಮಾಲಿಗೆ ಒಂದು ಪುಟದ ರಿಪೋರ್ಟ್ ನಿಮ್ಮ ಕಪಾಟಿನಲ್ಲಿದ್ದರೆ ಇವತ್ತೇ ತೆಗೆದು ನೋಡಿ. 24 ಗಂಟೆ ಅಂತ ಇದೆಯಾ, ಅಳೆದ ಪ್ರಮಾಣ ಕೊಟ್ಟಿದ್ದಾರಾ ಅಂತ ಮೊದಲು ನೋಡಿ. 24 ಗಂಟೆ ಅಂತ ಇದ್ದರೆ, ಅಥವಾ ಅಳೆದ ಪ್ರಮಾಣ ಇಲ್ಲದಿದ್ದರೆ ಹೊಸ ರಿಪೋರ್ಟ್ ಬರುವ ತನಕ ತೊಳೆದ ನೀರು ತೋಡಿಗೆ ಬಿಡಬೇಡಿ ಅಂತ ನಿಮ್ಮ ಗಿರಾಕಿಗಳಿಗೆ ಒಂದು ಫೋನ್ ಮಾಡಿಬಿಡಿ.