ಬಾಲ್ಸ್ ಕೋನ್ ಸೆಟ್ಟಾ, ಟೇಪರ್ ಬೇರಿಂಗಾ? ಎರಡು ಮಳೆಗಾಲ ಓಡಿಸಿ ನೋಡಿದೆ

ಬೈಕಿನ ಹ್ಯಾಂಡಲ್ ತಿರುಗುವ ಕುತ್ತಿಗೆಯಲ್ಲಿ ಕೂರುವ ಬೇರಿಂಗಿನ ಮಾತಿದು: ಮಾಮೂಲಿ ಕೋನ್ ಸೆಟ್ಟಿನಲ್ಲಿ ಸಣ್ಣ ಗುಂಡುಗಳು (ಬಾಲ್ಸ್) ಇರುತ್ತವೆ, ಟೇಪರ್‌ನಲ್ಲಿ ಓರೆಯಾಗಿ ಕೂತ ರೋಲರ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೇಪರ್‌ಗೆ.

ನಾನಿರುವುದು ತೀರ್ಥಹಳ್ಳಿ. ವಾರಕ್ಕೊಮ್ಮೆಯಾದರೂ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಿಬರಬೇಕು. ಆ 14 ತಿರುವುಗಳಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಬೈಕಿನ ಮುಂಭಾಗ ಟಕ್ ಅನ್ನುತ್ತಿತ್ತು. ಮೆಕ್ಯಾನಿಕ್ ಒಬ್ಬರು ಗಾಡಿ ಮುಟ್ಟದೆಯೇ "ಫೋರ್ಕ್ ಹೋಗಿದೆ ಸಾರ್" ಅಂದರು. ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದಿರುವ ಶಾಕ್‌ಗಳ ಜೋಡಿ. ಅದರ ಬುಷ್, ಸೀಲ್, ಆಯಿಲ್ ಎಲ್ಲ ಹೊಸದಾಯಿತು. 2,300 ರೂಪಾಯಿ. ಮರುದಿನ ಮೇಗರವಳ್ಳಿ ದಾಟುವಷ್ಟರಲ್ಲಿ ಅದೇ ಟಕ್.

ಆಮೇಲೆ ಅಂಗಳದಲ್ಲಿ ನಾನೇ ಕೂತೆ. ಬಲಗೈಯಲ್ಲಿ ಮುಂದಿನ ಬ್ರೇಕ್ ಒತ್ತಿ, ಎಡಗೈ ಬೆರಳನ್ನು ಫ್ರೇಮಿಗೂ ಕೆಳಗಿನ ಟೀಗೂ (ಫೋರ್ಕಿನ ಎರಡು ಕಾಲನ್ನು ಜೋಡಿಸಿ ಹಿಡಿಯುವ ಅಡ್ಡ ತುಂಡು) ನಡುವಿನ ಸಂದಿಯಲ್ಲಿಟ್ಟು, ಗಾಡಿಯನ್ನು ಹಿಂದೆ ಮುಂದೆ ಜಗ್ಗಿದೆ. ಟಕ್ ಅಂದದ್ದು ಬೆರಳಿಗೇ ತಾಗಿತು. ಬ್ರೇಕ್ ಪ್ಯಾಡ್ ಕೂಡ ಹೀಗೇ ಸದ್ದು ಮಾಡುತ್ತದೆ ಅಲ್ವಾ, ಅದಕ್ಕೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಮೇಲೇಳಲಿ ಅಂತ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಫೋರ್ಕಿನ ಬುಡ ಹಿಡಿದು ಎಳೆದೆ. "ಬೇಗ ಮುಗಿಸಿ, ಒಲೆ ಮೇಲೆ ಹಾಲಿದೆ" ಅಂದಳು. ಆಟ ಇತ್ತು, ಅಂದರೆ ಸಡಿಲವಾಗಿ ಅಲ್ಲಾಡುತ್ತಿತ್ತು. ಹ್ಯಾಂಡಲ್ ತಿರುಗಿಸಿದರೆ ನೇರಕ್ಕೆ ಬಂದಾಗ ಚೂರು ಕಚ್ಚಿ ನಿಲ್ಲುತ್ತಿತ್ತು. ಬೇರಿಂಗಿನ ಬಾಲ್ಸ್ ತಾವು ಕೂರುವ ಬಟ್ಟಲಿನಲ್ಲಿ ಗುಳಿ ಬೀಳಿಸಿದ್ದವು. ಫೋರ್ಕ್ ಸುಮ್ನೆ ಬಿಚ್ಚಿಸಿದ್ದೆ.

ಮೊದಲು ಹಾಕಿಸಿದ್ದು ಬಾಲ್ಸ್ ಇರುವ ಮಾಮೂಲಿ ಕೋನ್ ಸೆಟ್. 450 ರೂಪಾಯಿ, ಎಲ್ಲಿ ಬೇಕಾದರೂ ಸಿಗುತ್ತದೆ, ಹ್ಯಾಂಡಲ್ ಬೆಣ್ಣೆಯ ಹಾಗೆ. ಒಂದು ಮಳೆಗಾಲ ಬಂತು, ಅಷ್ಟೇ. ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿದು ದೀಪಾವಳಿಗೆ ಮತ್ತೆ ಟಕ್. (ವಾಟರ್ ಸರ್ವಿಸ್ ಹುಡುಗ ಪ್ರೆಶರ್ ಪೈಪನ್ನು ಸೀದಾ ಅಲ್ಲಿಗೇ ಹಿಡಿದಾಗ ನಾನು ಮೊಬೈಲ್ ನೋಡುತ್ತಿದ್ದೆ. ಆ ತಪ್ಪು ನನ್ನದು.)

ಟೇಪರ್ ಶಿವಮೊಗ್ಗದಿಂದ ತರಿಸಿದೆ. ಕೂಲಿ ಸೇರಿ 1,800. ಬಾಲ್ ಒಂದು ಚುಕ್ಕಿಯಲ್ಲಿ ಭಾರ ಹೊತ್ತರೆ ರೋಲರ್ ತನ್ನ ಉದ್ದಕ್ಕೂ ಹೊರುತ್ತದೆ, ಹಾಗಾಗಿ ಹೊಂಡಕ್ಕೆ ಬಿದ್ದರೂ ಗುಳಿ ಬೇಗ ಬೀಳುವುದಿಲ್ಲ.

ಕಿರಿಕಿರಿ ಶುರುವಾದದ್ದು ಬಿಗಿಯಲ್ಲಿ. ಸದ್ದು ಬರಬಾರದು ಅಂತ ಮೆಕ್ಯಾನಿಕ್ ಬೇರಿಂಗ್ ಒತ್ತಿಹಿಡಿಯುವ ನಟ್ಟನ್ನು ಚೆನ್ನಾಗಿ ಬಿಗಿದುಕೊಟ್ಟಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನ ಜನದ ನಡುವೆ ನಿಧಾನಕ್ಕೆ ಹೋಗುವಾಗ ಗಾಡಿ ಕುಡಿದವನ ಹಾಗೆ ಅತ್ತಿತ್ತ ತೂರಾಡಿತು. ಟೈರಿನಲ್ಲಿ ಗಾಳಿ ಇಲ್ಲವೇನೋ ಅಂತ ಎರಡು ಸಲ ಚೆಕ್ ಮಾಡಿಸಿದೆ. ಗಾಳಿ ಸರಿಯಾಗಿತ್ತು. ಹ್ಯಾಂಡಲ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ.

ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸುವುದು, ಒಂದು ಸುತ್ತು ಹೋಗಿಬರುವುದು, ಮತ್ತೆ ಸಡಿಲಿಸುವುದು, ಹೀಗೆ ಒಂದು ಭಾನುವಾರವೇ ಹೋಯಿತು. ಅಂದಾಜಿಗೆ ಒಂದು ದಾರಿ ಇದೆ: ಚಕ್ರ ಎತ್ತಿ, ಹ್ಯಾಂಡಲ್ ನೇರ ನಿಲ್ಲಿಸಿ, ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಅದು ತಾನಾಗಿ ಒಂದು ಕಡೆ ವಾಲಬೇಕು, ಅರ್ಧದಲ್ಲೇ ನಿಂತರೆ ಬಿಗಿ ಜಾಸ್ತಿ, ಆದರೆ ಕೇಬಲ್ ಎಳೆದು ಹಿಡಿದಿದ್ದರೂ ಹಾಗೇ ನಿಲ್ಲುತ್ತದೆ, ಅದನ್ನು ಮೊದಲು ನೋಡಿ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಬೇರಿಂಗ್ ಕೂತು ಸಣ್ಣ ಆಟ ಬಂತು. ಇನ್ನೊಮ್ಮೆ ಬಿಗಿಸಿದೆ. ಆಮೇಲೆ ಈ ಮಳೆಗಾಲ ಪೂರ್ತಿ ಘಾಟಿ ಹತ್ತಿಳಿದರೂ ಟಕ್ ಇಲ್ಲ.

ತಮ್ಮನ ಗಾಡಿಗೆ ಮಾತ್ರ ಬಾಲ್ಸನ್ನೇ ಹಾಕಿಸಿದೆ. ಅವನ ಓಡಾಟ ಮನೆಯಿಂದ ಬಸ್‌ಸ್ಟ್ಯಾಂಡಿಗೆ, ಮುಂದಿನ ವರ್ಷ ಗಾಡಿ ಮಾರುತ್ತಾನಂತೆ.