ಫೋನ್ ರಿಜಿಸ್ಟರ್ ಆಗಿದೆ, ಹೊರಗೆ ಮಾತ್ರ ಕಾಲ್ ಹೋಗಲ್ಲ

ಆಫೀಸಿನ ಹನ್ನೆರಡು ಫೋನ್‌ಗಳಿಗೆ ಒಂದೂವರೆ ವರ್ಷದಿಂದ ಒಂದೇ ಕಂಪನಿಯ ಇಂಟರ್ನೆಟ್ ಫೋನ್ ಸೇವೆ ಬಳಸುತ್ತಿದ್ದೇವೆ. ಕಂಪನಿ ಹೆಸರು ಬೇಡ. ದನಿ ತುಂಬಾ ಚೆನ್ನಾಗಿದೆ, ಬಿಲ್ ಬಗ್ಗೆಯೂ ತಕರಾರಿಲ್ಲ. ಆದರೂ ಐದಕ್ಕೆ ಮೂರೇ ಸ್ಟಾರ್ ಕೊಡುತ್ತಿದ್ದೇನೆ. ಹೋದ ತಿಂಗಳ ಮೂರು ದಿನ ಅದಕ್ಕೆ ಕಾರಣ.

ಸೋಮವಾರ ಬೆಳಿಗ್ಗೆ ಒಂದು ಫೋನಿನಿಂದಲೂ ಹೊರಗೆ ಕಾಲ್ ಹೋಗಲಿಲ್ಲ. ಒಳಗೆ ಬರುವುದೆಲ್ಲ ಸರಿಯಾಗಿ ಬರುತ್ತಿತ್ತು. ನಂಬರ್ ಒತ್ತಿದರೆ ರಿಂಗ್ ಇಲ್ಲ, ಬ್ಯುಸಿ ಟೋನ್ ಇಲ್ಲ, ಸುಮ್ನೆ ಮೌನ. ಅರ್ಧ ನಿಮಿಷಕ್ಕೆ ತಾನಾಗಿ ಕಟ್ ಆಗುತ್ತಿತ್ತು. ಫೋನಿನ ಮೇಲೆ 'ರಿಜಿಸ್ಟರ್ಡ್' ಅಂತ ಹಸಿರು ಗುರುತು. ಕಂಪನಿಯ ವೆಬ್ ಪೋರ್ಟಲ್‌ನಲ್ಲಿ ಆ ಕಾಲ್‌ಗಳ ಎದುರು ಒಂದೇ ಪದ, 'ಫೇಲ್ಡ್'.

ಎರಡು ದಿನ ಸಪೋರ್ಟ್‌ನವರದ್ದು ಒಂದೇ ಮಾತು: ರೂಟರ್ ಆಫ್ ಮಾಡಿ ಆನ್ ಮಾಡಿ ಸರ್, ಫೋನ್ ರಿಜಿಸ್ಟರ್ ಆಗಿದೆಯಲ್ವಾ, ನಮ್ಮ ಕಡೆ ಏನೂ ತೊಂದರೆ ಇಲ್ಲ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ರಿಜಿಸ್ಟರ್ ಆಗಿದೆ ಅಂದರೆ ನಿಮ್ಮ ಫೋನ್ ಎಲ್ಲಿದೆ ಅಂತ ಸರ್ವರ್‌ಗೆ ಗೊತ್ತು, ಅಷ್ಟೇ. ಒಳಗೆ ಬರುವ ಕಾಲ್‌ಗೆ ಅದು ಬೇಕು. ಹೊರಗೆ ಹೋಗುವ ಕಾಲ್‌ನ ದಾರಿಯೇ ಬೇರೆ. ಅಲ್ಲಿ ಪಾಸ್‌ವರ್ಡ್ ಮತ್ತೆ ಕೇಳುತ್ತಾರೆ, ನಂಬರ್ ಸರಿಯಾದ ರೂಪದಲ್ಲಿರಬೇಕು, ಕಾಲರ್ ಐಡಿ ನಿಮ್ಮ ಅಕೌಂಟಿನದ್ದೇ ಆಗಿರಬೇಕು.

ಮೂರನೇ ದಿನ ಸಿಕ್ಕ ಇಂಜಿನಿಯರ್‌ಗೆ ಮಾತ್ರ ಐದಕ್ಕೆ ಐದು. ಅವರು ಮೊದಲು ಕೇಳಿದ್ದೇ "ಇತ್ತೀಚೆಗೆ ಏನಾದ್ರೂ ಬದಲಾಯಿಸಿದ್ರಾ?" ಅಂತ. ಭಾನುವಾರ ಹೊಸ ರೂಟರ್ ಹಾಕಿದ್ದೆವು. ಇಂಟರ್ನೆಟ್ ಫೋನ್‌ಗಳು ಕಾಲ್ ಜೋಡಿಸಲು ಬಳಸುವ ಭಾಷೆಗೆ ಸಿಪ್ ಅಂತಾರೆ. ಆ ಸಿಪ್ ಮೆಸೇಜ್‌ಗಳನ್ನು ದಾರಿಯಲ್ಲೇ ತಿದ್ದುವ 'ಸಿಪ್ ಎಎಲ್‌ಜಿ' ಅನ್ನೋ ಸೌಲಭ್ಯ ರೂಟರ್‌ನಲ್ಲಿ ಆನ್ ಇತ್ತು, ಮೊದಲು ಅದನ್ನು ಆಫ್ ಮಾಡಿಸಿದರು. ಎಷ್ಟೋ ಕಡೆ ಕಿತಾಪತಿ ಅದರದ್ದೇ, ನಮ್ಮಲ್ಲಿ ಅಲ್ಲ. ಆಮೇಲೆ ಟ್ರೇಸ್, ಅಂದರೆ ಫೋನ್ ಮತ್ತು ಸರ್ವರ್ ನಡುವೆ ಓಡಾಡುವ ಮೆಸೇಜ್‌ಗಳ ದಾಖಲೆ ತೆಗೆಸಿ, ನನ್ನ ಜೊತೆ ಸಾಲು ಸಾಲಾಗಿ ಓದಿದರು.

ಫೋನ್ ಮೊದಲು ಒಂದು ಇನ್ವೈಟ್, ಅಂದರೆ ಕಾಲ್ ಜೋಡಿಸಿ ಅನ್ನುವ ಮೆಸೇಜ್ ಕಳಿಸುತ್ತದೆ. ಸರ್ವರ್ 407 ಅನ್ನುವ ಕೋಡ್‌ನಲ್ಲಿ ಉತ್ತರಿಸುತ್ತದೆ. ಅದು ಎರರ್ ಅಲ್ಲ, ನೀನು ಯಾರು ಅಂತ ಕೇಳುವುದು. ಫೋನ್ ಈ ಸಲ ಗುರುತು ಸೇರಿಸಿ ಇನ್ನೊಂದು ಇನ್ವೈಟ್ ಕಳಿಸುತ್ತದೆ. ಅಲ್ಲಿಂದ ಮುಂದೆ ಉತ್ತರವೇ ಇಲ್ಲ. ಅರ್ಧ ಸೆಕೆಂಡ್ ಬಿಟ್ಟು ಮತ್ತೆ, ಆಮೇಲೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಸೆಕೆಂಡ್ ಬಿಟ್ಟು ಮತ್ತೆ ಮತ್ತೆ ಅದೇ ಇನ್ವೈಟ್, ಕೊನೆಗೆ 32ನೇ ಸೆಕೆಂಡಿಗೆ ಫೋನ್ ಕೈಬಿಡುತ್ತದೆ. ನಮಗೆ ಕೇಳಿಸುತ್ತಿದ್ದ ಆ ಅರ್ಧ ನಿಮಿಷದ ಮೌನ ಇದೇ!

ಉತ್ತರ ಯಾಕೆ ಬರಲಿಲ್ಲ? ನಮ್ಮ ಫೋನ್‌ಗಳಲ್ಲಿ ಒಂಬತ್ತು ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವ ವಿಧಾನಗಳು) ಆನ್ ಇದ್ದವು. ಆ ಪಟ್ಟಿಯ ಜೊತೆ ಗುರುತಿನ ಸಾಲುಗಳೂ ಸೇರಿ ಎರಡನೇ ಇನ್ವೈಟ್ 1500 ಬೈಟ್ ದಾಟುತ್ತಿತ್ತು. ನಮ್ಮ ಫೋನ್ ಮೆಸೇಜ್ ಕಳಿಸುತ್ತಿದ್ದ ಯುಡಿಪಿ ವಿಧಾನದಲ್ಲಿ ಅಷ್ಟು ದೊಡ್ಡ ಪ್ಯಾಕೆಟ್ ಎರಡು ತುಂಡಾಗಿ ಹೋಗುತ್ತದೆ, ಹೊಸ ರೂಟರ್ ತುಂಡುಗಳನ್ನು ಬಿಸಾಡುತ್ತಿತ್ತು. ರಿಜಿಸ್ಟರ್ ಮೆಸೇಜ್ ಚಿಕ್ಕದು, ಅದಕ್ಕೇ ಸಲೀಸಾಗಿ ದಾಟುತ್ತಿತ್ತು. 2002ರ ಸಿಪ್ ನಿಯಮಾವಳಿಯಲ್ಲೇ ಇದಕ್ಕೆ ದಾರಿ ಇದೆ: ಮೆಸೇಜ್ 1300 ಬೈಟ್ ದಾಟಿದರೆ ಟಿಸಿಪಿಯಲ್ಲಿ, ಅಂದರೆ ದೊಡ್ಡ ಮೆಸೇಜನ್ನು ತಾನೇ ಚಿಕ್ಕ ಪ್ಯಾಕೆಟ್‌ಗಳಾಗಿ ಹಂಚುವ ವಿಧಾನದಲ್ಲಿ ಕಳಿಸಬೇಕು. ನಮ್ಮ ಫೋನ್ ಹಾಗೆ ಮಾಡುತ್ತಿರಲಿಲ್ಲ. ಕೋಡೆಕ್ ಎರಡಕ್ಕೆ ಇಳಿಸಿದೆವು, ಟಿಸಿಪಿಗೆ ಬದಲಾಯಿಸಿದೆವು. ಮರುಕ್ಷಣ ರಿಂಗ್ ಕೇಳಿಸಿತು.

ಕೆಲವು ನಂಬರ್ ಆಗಲೂ ಹೋಗಲಿಲ್ಲ. ಅದು ಬೇರೆ ಕಥೆ, ಒತ್ತಿದ ನಂಬರನ್ನು ಸರಿಯಾದ ರೂಪಕ್ಕೆ ತರುವ 'ಡಯಲ್ ಪ್ಲಾನ್' ದೇಶದ ಕೋಡನ್ನು ಎರಡು ಸಲ ಸೇರಿಸಿ 404 ಬರಿಸುತ್ತಿತ್ತು. ಆ 404 ಕಣ್ಣಿಗೆ ಬಿದ್ದಿದ್ದರಿಂದ ಐದು ನಿಮಿಷದಲ್ಲಿ ಸರಿಹೋಯ್ತು.

ನನ್ನ ದೂರು ಇಷ್ಟೇ. 403 ಅಂದರೆ ಅನುಮತಿ ಇಲ್ಲ, 404 ಅಂದರೆ ಆ ನಂಬರ್ ಸಿಗಲಿಲ್ಲ, 486 ಅಂದರೆ ಎದುರಿನವರು ಬ್ಯುಸಿ, 503 ಅಂದರೆ ಕಂಪನಿ ಕಡೆಯದ್ದೇ ತೊಂದರೆ ಇರಬಹುದು. ಒಂದೊಂದಕ್ಕೂ ಹುಡುಕಬೇಕಾದ ಜಾಗ ಬೇರೆ. ಈ ಮೂರಂಕಿ ಅವರ ಲಾಗ್‌ನಲ್ಲಿ ಇದ್ದೇ ಇದೆ, ದುಡ್ಡು ಕೊಡುವ ನಮಗೆ ಮಾತ್ರ 'ಫೇಲ್ಡ್' ಅಂತ ತೋರಿಸುತ್ತಾರೆ. ಪೋರ್ಟಲ್‌ನಲ್ಲಿ ಕೋಡ್ ತೋರಿಸಿ ಅಂತ ಟಿಕೆಟ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ತೋರಿಸಿದ ದಿನ ನಾಲ್ಕನೇ ಸ್ಟಾರ್ ಸೇರಿಸುತ್ತೇನೆ.